ಎದ್ದು ನಿಂತರೆ ಬೀಳುವ ಸೊಸೆ

ಹೋದ ವಾರ ನನ್ನ ಮೊಮ್ಮಗಳು ಸಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ನಿಂತವಳು ತಲೆಸುತ್ತಿ ಬಿದ್ದಳು. ಮರುದಿನ ಅವಳನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದ ಮೇಲೆ ನಾನು ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಹಂಚಿದೆ. ಕಿರಿಯ ಮಗ ಸಿಟ್ಟಾದ. ಸೊಸೆ ನೆರೆಮನೆಯವಳ ಮುಂದೆ, "ಆಯಿಗೆ ವಯಸ್ಸಾತು, ಏನ ಮಾಡಾಕತ್ತಾಳ ಆಕೀಗೆ ತಿಳೀವಲ್ದು" ಎಂದಳು. ಎಲ್ಲ ತಿಳಿಯುತ್ತದೆ ನನಗೆ. ಎಷ್ಟು ತಿಳಿಯುತ್ತದೆ ಎಂದರೆ ಎದೆಯೊಳಗೆ ಹಿಡಿಸುತ್ತಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಮೂರನೇ ಇಯತ್ತೆ ಓದಿದ ಕೈ ಇದು, ಅಕ್ಷರ ವಾರೆಕೋರೆ ಬಂದರೆ ಓದುವವರು ಹೊಂದಿಸಿಕೊಳ್ಳಬೇಕು.

ಜಮಖಂಡಿಯ ದವಾಖಾನೆಗೆ ನಾನೂ ಹಟ ಹಿಡಿದು ಹೋಗಿದ್ದೆ. ಡಾಕ್ಟರು ಹರೆಯದ ಹೆಣ್ಣುಮಗಳು. ಮೊಮ್ಮಗಳನ್ನು ಮಲಗಿಸಿ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದಳು. ಆಮೇಲೆ ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದಳು. ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿ ಇನ್ನೊಮ್ಮೆ ನೋಡಿದಳು. ಹುಡುಗಿಯ ತುಟಿ ಬೆಳ್ಳಗಾಗುತ್ತಿದ್ದಂತೆ ಅವಳೇ ಹಿಡಿದು ಮಲಗಿಸಿ, ಕಾಲ ಕೆಳಗೆ ಎರಡು ದಿಂಬು ಇಟ್ಟಳು.

ನನ್ನ ಸೊಸೆ ಅಂದಳು: "ಓಟದಾಗ ಕಪ್ ತಂದಾಳ್ರಿ ಈಕಿ. ಓಡಬೇಕಾದ್ರ ಏನೂ ಆಗೂದಿಲ್ಲ. ಪ್ರಾರ್ಥನಿಗೆ ನಿಂತ್ರ ಬೀಳ್ತಾಳ. ಟೀಚರ್ ನಾಟಕ ಮಾಡ್ತಾಳಂತಾರ."

"ನಾಟಕ ಅಲ್ರಿ," ಅಂದಳು ಡಾಕ್ಟರು. "ನಾವು ಎದ್ದು ನಿಂತ ಕೂಡ್ಲೆ ರಕ್ತ ಕಾಲಿಗೆ ಇಳೀತೈತಿ. ಮ್ಯಾಲ ಕಡಿಮಿ ಬಿತ್ತು ಅಂತ ಕುತ್ತಿಗಿ ಹತ್ರ, ಎದಿ ಹತ್ರ ಇರೋ ನರಗಳಿಗೆ ಗೊತ್ತಾಗಿ ಮೆದುಳಿಗೆ ಸುದ್ದಿ ಮುಟ್ಟಿಸ್ತಾವು. ಆವಾಗ ಹೃದಯ ಜೋರ ಬಡೀತೈತಿ, ಕಾಲಿನ ರಕ್ತನಾಳ ಬಿಗಿ ಆಕ್ಕಾವು, ರಕ್ತ ತಲಿಗೆ ಏರ್ತೈತಿ. ಇದು ನಮಗ ಗೊತ್ತs ಆಗದಂಗ ನಡೀತೈತಿ. ಕೆಲವ್ರ ಮೈಯಾಗ ಇದು ಭಾಳ ಹೊತ್ತು ತಡಕೊಳ್ಳೂದಿಲ್ಲ. ಸುಮ್ಮನ ನಿಂತು ನಿಂತು ಒಮ್ಮಿಗೇ ಹೃದಯ ನಿಧಾನ ಆಗಿ, ನಾಳ ಸಡ್ಲ ಬಿಟ್ಟು, ಬೀಳ್ತಾರ."

"ಮತ್ತ ಓಡಬೇಕಾದ್ರ?"

"ಓಡಬೇಕಾದ್ರ ಮೀನಖಂಡ ಹಿಂಡ್ತಾವಲ್ರಿ. ಒಗೆದ ಅರಬಿ ಹಿಂಡಿದಂಗ ರಕ್ತಾನ ಮ್ಯಾಲ ತಳ್ತಾವು. ಕಂಬದಂಗ ನಿಂತ್ರ ಹಿಂಡೋರು ಯಾರು? ಅದರಾಗೂ ಕಾಲಿಗೆ ಭಾಳ ಕೆಲಸ ಕೊಟ್ಟು ತಟ್ನ ನಿಂತ್ರ ಇನ್ನೂ ಕೆಟ್ಟದ್ದು. ಕೆಲಸ ಮಾಡಿದ ಕಾಲಿನ ನಾಳ ಅಗಲ ಆಗಿರ್ತಾವು, ರಕ್ತ ಎಲ್ಲಾ ಅಲ್ಲೇ ಕುಂದರ್ತೈತಿ."

ನಾನು ಜೋರಾಗಿ ನಕ್ಕುಬಿಟ್ಟೆ. ಹೊರಗೆ ಪಾಳಿ ಹಚ್ಚಿ ಕೂತವರು ಇಣುಕಿ ನೋಡಿದರು.

"ಯಾಕ ಅಜ್ಜಿ, ನಗಾಕತ್ತೀರಿ?"

"ಇನ್ನೊಮ್ಮೆ ಹೇಳು ತಂಗಿ."

"ಏನ ಹೇಳ್ಲಿ?"

"ಅದs. ನಾಟಕ ಅಲ್ಲ ಅಂದೆಲ್ಲ, ಅದನ್ನ."

ಪಾಪ, ಇನ್ನೊಮ್ಮೆ ಹೇಳಿದಳು. ನನ್ನ ಹರೆಯದಲ್ಲಿ ಒಬ್ಬರೂ ಹೇಳದ ಮಾತನ್ನು ಆ ಹುಡುಗಿ ಎರಡು ಸಲ ಹೇಳಿದಳು.

ನನ್ನ ತವರು ಮಹಾಲಿಂಗಪುರ. ಆಗ ಅದು ಮುಧೋಳ ಸಂಸ್ಥಾನ. ಕೊಟ್ಟದ್ದು ಬನಹಟ್ಟಿಗೆ, ಜಮಖಂಡಿ ಸಂಸ್ಥಾನಕ್ಕೆ. ಒಬ್ಬ ರಾಜನ ಊರಿನಿಂದ ಇನ್ನೊಬ್ಬ ರಾಜನ ಊರಿಗೆ ಚಕ್ಕಡಿಯಲ್ಲಿ ಹೋದವಳು ನಾನು. ಎರಡೂ ಕಡೆ ನೇಕಾರರೇ. ನೇಕಾರರ ಮನೆಯಲ್ಲಿ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿರುತ್ತಾರೆ. ಕುಣಿಯ ದಂಡೆಯ ಮೇಲೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಪಟ್ಟಿಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯಬೇಕು. ನಮ್ಮ ಓಣಿಯಲ್ಲಿ ಹೆಂಗಸರು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು, ಕುಣಿಗೆ ಇಳಿಯುವವರು ಗಂಡಸರು. ನನ್ನ ಮೈದುನ ಸೊಲ್ಲಾಪುರದ ಗಿರಣಿಗೆ ಓಡಿಹೋದದ್ದರಿಂದ ಒಂದು ಮಗ್ಗ ಖಾಲಿ ಬಿತ್ತು. ತವರಿನಲ್ಲಿ ಅಪ್ಪನ ಮಗ್ಗದ ಮೇಲೆ ಕಲಿತವಳು ಎಂದು ಮಾವ ನನ್ನನ್ನು ಅದರಲ್ಲಿ ಕೂಡಿಸಿದ.

ನನ್ನ ಕಾಲು ಛಲೋ ನಡೆಯುತ್ತಿದ್ದವು. ಸೊಕ್ಕಿನಿಂದ ಹೇಳುವುದಲ್ಲ. ಹೋಗಲಿ, ಸೊಕ್ಕಿನಿಂದಲೇ ಹೇಳುತ್ತೇನೆ, ಈ ವಯಸ್ಸಿಗೆ ಯಾರ ಹಂಗು? ಲಾಳಿ ಓಡಿದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಪಕ್ಕದ ಕುಣಿಯಲ್ಲಿ ಗಂಡ ಕೂತಿರುತ್ತಿದ್ದ. ಅವನ ಸೀರೆ ಅರ್ಧ ಆಗುವಷ್ಟರಲ್ಲಿ ನನ್ನದು ಸೆರಗಿಗೆ ಬಂದಿರುತ್ತಿತ್ತು.

ತೊಂದರೆ ಇದ್ದದ್ದು ಏಳುವುದರಲ್ಲಿ. ಮಾವ ಊಟಕ್ಕೆ ಕೂತನೆಂದರೆ ಸೊಸೆ ಕುಣಿ ಬಿಟ್ಟು ಎದ್ದು, ಅಡುಗೆಮನೆಯ ಬಾಗಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಲ್ಲಬೇಕು. ಕೂಡ್ರುವಂತಿಲ್ಲ. ಗೋಡೆಗೆ ಆನುವಂತಿಲ್ಲ. ಕಾಲು ಬದಲಿಸಿ ನಿಂತರೆ ಅತ್ತೆ, "ಏನ, ಕುದರಿ ಆಗೀಯೇನ, ಕಾಲ ಎತ್ತಿ ಎತ್ತಿ ಇಡಾಕ?" ಎನ್ನುವಳು. ಮಾವ ರೊಟ್ಟಿಯನ್ನು ಚೂರು ಚೂರು ಮಾಡಿ, ಅಗಿದು ಅಗಿದು ಉಣ್ಣುವ ಮನುಷ್ಯ. ಅವನು ಕೈ ತೊಳೆಯುವ ತನಕ ನಾನು ನಿಂತಿರಬೇಕು.

ಮೊದಲು ಕಿವಿಯಲ್ಲಿ ದುಂಬಿ ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ಆಮೇಲೆ ಮೈಯೆಲ್ಲ ತಣ್ಣನೆಯ ಬೆವರು. ಮಾವನ ತಾಟು ದೂರ ದೂರ ಹೋಗುತ್ತಿತ್ತು. ಕಣ್ಣಿನ ಅಂಚಿನಿಂದ ಕತ್ತಲೆ ಒಳಗೆ ಬರುತ್ತಿತ್ತು. ಆಮೇಲೆ ನಾನು ನೆಲದ ಮೇಲೆ.

ನೆಲದ ಮೇಲೆ ಬಿಟ್ಟಿದ್ದರೆ ಎಚ್ಚರಾಗುತ್ತಿದ್ದೆ. ಬಿಡುತ್ತಿರಲಿಲ್ಲ! ಸೊಸೆ ಮಾವನ ಮುಂದೆ ಕಾಲು ಚಾಚಿ ಬಿದ್ದರೆ ಆಗುತ್ತದೆಯೇ? ಅತ್ತೆ ಒಂದು ರಟ್ಟೆ, ಗಂಡ ಒಂದು ರಟ್ಟೆ ಹಿಡಿದು ಎತ್ತಿ ನೆಟ್ಟಗೆ ನಿಲ್ಲಿಸುತ್ತಿದ್ದರು. ತಲೆಗೆ ರಕ್ತ ಏರಲಿಕ್ಕೆ ಮೈಯೇ ನನ್ನನ್ನು ಮಲಗಿಸಿದ್ದರೆ, ಇವರು ಮತ್ತೆ ಎತ್ತಿ ರಕ್ತವನ್ನು ಕೆಳಗೆ ಇಳಿಸುತ್ತಿದ್ದರು. ಹಾಗೆ ಹಿಡಿದು ನಿಲ್ಲಿಸಿದಾಗ ಕೈಕಾಲು ಸೆಟೆದು ಜಗ್ಗುತ್ತಿದ್ದವಂತೆ, ಕಣ್ಣು ಮೇಲೆ ಹೋಗುತ್ತಿದ್ದವಂತೆ. ಅದನ್ನು ನೋಡಿ ಕೈಗೆ ಕಬ್ಬಿಣದ ಕೀಲಿ ಕೊಡುತ್ತಿದ್ದರು, ಮೂಗಿಗೆ ಕೆರ ಹಿಡಿಯುತ್ತಿದ್ದರು. ಗಂಡನ ಕೆರ. ಆ ನಾತ ಇವತ್ತಿಗೂ ಮೂಗಿನಲ್ಲಿದೆ.

ದವಾಖಾನೆಯಿಂದ ಬಂದ ರಾತ್ರಿ ಇದನ್ನು ಹೇಳಿದಾಗ ಮೊಮ್ಮಗಳು ಕಣ್ಣರಳಿಸಿದಳು. "ಆಯಿ, ನಿನ್ನ ಕಾಲ ಕೆಳಗ ಯಾರೂ ದಿಂಬು ಇಡಲಿಲ್ಲೇನ?"

"ದಿಂಬು ನಿಮ್ಮ ಮುತ್ಯಾನ ತಲಿ ಕೆಳಗ ಇತ್ತವ್ವಾ," ಅಂದೆ.

ಬೀಳುವುದು ಶುರುವಾದದ್ದು ಬಸುರಿದ್ದಾಗ. ಹಡೆದ ಮೇಲೆ ಹೆಚ್ಚಾಯಿತು. ಗಂಡು ಕೂಸು, ಹಾಲು ಕುಡಿಯುವ ಕೂಸು. ಓಣಿಯ ಹೆಂಗಸರು ನನ್ನ ವಿಷಯದಲ್ಲಿ ಎರಡು ಪಂಗಡ ಆದರು. ಮೂರ್ಛೆರೋಗ ಎಂದರು ಕೆಲವರು. ಸೋಗು ಎಂದಳು ನನ್ನ ಅತ್ತೆ. ಅವಳ ಮಾತಿಗೆ ತೂಕ ಇತ್ತು, ಖರೆ ಹೇಳಬೇಕು. "ಹೊತ್ತ ಹೊಂಟಾಗಿಂದ ಮಗ್ಗ ತುಳಿತಾಳ, ಆಗ ಬೀಳೂದಿಲ್ಲ. ಬಾವಿಯಿಂದ ತುಂಬಿದ ಕೊಡ ತರ್ತಾಳ, ಆಗ ಬೀಳೂದಿಲ್ಲ. ಮಾವಗ ಮರ್ಯಾದಿ ಕೊಟ್ಟು ನಿಲ್ಲ ಅಂದ್ರ ಬೀಳ್ತಾಳ. ಇದ್ಯಾವ ರೋಗ? ಊಟದ ಹೊತ್ತು ನೋಡಿ ಬರೂ ರೋಗ ನಾ ಎಲ್ಲೂ ಕಂಡಿಲ್ಲ." ಕೇಳಿದವರು ಹೌದೆನ್ನುತ್ತಿದ್ದರು. ನನಗೇ ಒಮ್ಮೊಮ್ಮೆ ಹೌದೆನಿಸುತ್ತಿತ್ತು. ಇಷ್ಟು ದುಡಿಯುವ ಮೈ ನಿಲ್ಲಲಾರದೆ ಬೀಳುತ್ತದೆ ಎಂದರೆ ಯಾರು ನಂಬಬೇಕು?

ರೋಗ ಎಂದರೂ ಸೋಗು ಎಂದರೂ ಅತ್ತೆಗೆ ಬೇಕಾದದ್ದು ಒಂದೇ. ಅವಳ ಅಣ್ಣನ ಮಗಳು ಒಬ್ಬಳಿದ್ದಳು, ಮದುವೆಗೆ ಬಂದವಳು. ನನ್ನನ್ನು ತವರಿಗೆ ಅಟ್ಟಿ ಅವಳನ್ನು ತರಬೇಕು. ಕೂಸು ಮಾತ್ರ ಇಲ್ಲೇ ಇರಬೇಕು, ಗಂಡು ಕೂಸಲ್ಲವೇ. ಇದನ್ನು ಅವಳು ಮುಚ್ಚಿಡಲಿಲ್ಲ. ಕೂಸಿಗೆ ಎಣ್ಣೆ ತಿಕ್ಕುತ್ತ, "ಹೊಸ ಅವ್ವ ಬರ್ತಾಳ ನಮ್ಮ ರಾಜಾಗ, ಬೀಳದ ಅವ್ವ" ಎಂದು ನನ್ನೆದುರೇ ಹಾಡು ಮಾಡಿ ಹೇಳುವಳು.

ಆದರೆ ಹೆಂಡತಿಯನ್ನು ಬಿಡಬೇಕಾದರೆ ನಮ್ಮಲ್ಲಿ ದೈವ ಒಪ್ಪಬೇಕಿತ್ತು. ದೈವ ಎಂದರೆ ದೇವರಲ್ಲ, ಜಾತಿಯ ಹಿರಿಯರು. ನಾಲ್ಕಾರು ಮಂದಿ ಮುದುಕರು ಬಂದು ಮಾತು ಕೇಳಿ ಒಂದು ಉಪಾಯ ಮಾಡಿದರು. "ನಾವು ನಿಮ್ಮ ಮನಿಗೆ ಉಣ್ಣಾಕ ಬರ್ತೇವಿ. ನಾವು ಎಲಿಅಡಿಕಿ ಹಾಕ್ಕೊಂಡು ಏಳೂತನಕ ಆಕಿ ನಿಲ್ಲಲಿ. ನಿಂತ್ರ ರೋಗಿಲ್ಲ, ಮನ್ಯಾಗ ಇರ್ಲಿ. ಬಿದ್ರ ತವರಿಗೆ ಕಳಸ್ರಿ." ನ್ಯಾಯ ಮಾಡಿದಂತೆಯೂ ಆಯಿತು, ಹೋಳಿಗೆ ಊಟವೂ ಆಯಿತು!

ಅಪ್ಪನಿಗೆ ಹೇಳಿಕಳಿಸಿದರು. ಅವನು ಚಕ್ಕಡಿಯಿಂದ ಇಳಿದವನು ನನ್ನ ಮುಖ ನೋಡಲಿಲ್ಲ. ಹಿತ್ತಲಲ್ಲಿ ನೀರು ಕೊಡಲು ಹೋದಾಗ ತಂಬಿಗೆ ಇಸಿದುಕೊಂಡು ಅಂದ: "ಇನ್ನೂ ಇಬ್ಬರು ಹೆಣ್ಮಕ್ಕಳನ್ನ ಕೊಡೂದೈತಿ ನಾನು. ನೀ ಬಿದ್ದು ತಿರಗಿ ಬಂದ್ರ ಅವರನ್ನ ಯಾರು ಒಯ್ತಾರ? ಬೀಳೂದಿದ್ರ ಮನಿಗೆ ಬರಬ್ಯಾಡ, ಇಲ್ಲೇ ಕೃಷ್ಣಿ ಹರೀತಾಳ, ಅಲ್ಲಿ ಬೀಳು." ಆಮೇಲೆ ನೀರು ಕುಡಿದ. ಉಳಿದ ನೀರಿನಿಂದ ಕಣ್ಣು ತೊಳೆದುಕೊಂಡು ತಂಬಿಗೆ ತಿರುಗಿ ಕೊಟ್ಟ. ತೊಳೆದದ್ದು ನನ್ನ ಸಲುವಾಗಿಯೋ ಉಳಿದ ಇಬ್ಬರ ಸಲುವಾಗಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅವತ್ತು ಮುಂಜಾನೆ ಮಗ್ಗದಲ್ಲಿ ಕೂತು ಯೋಚಿಸಿದೆ. ತುಳಿಯುವಾಗ ಬೀಳುವುದಿಲ್ಲ. ನಡೆಯುವಾಗ ಬೀಳುವುದಿಲ್ಲ. ನನ್ನ ಕಾಲಿಗೆ ಕೆಲಸ ಬೇಕು, ಕೆಲಸ ಇಲ್ಲದಾಗ ಅವು ನನ್ನನ್ನು ಕೆಡವುತ್ತವೆ. ಇಷ್ಟೇ ತಿಳಿದದ್ದು. ರಕ್ತ, ನಾಳ ಯಾವುದೂ ಗೊತ್ತಿರಲಿಲ್ಲ. ಹಾಗಾದರೆ ನಿಂತಲ್ಲೇ ಮಗ್ಗ ತುಳಿದರೆ? ಸೀರೆಯ ಅಂಚು ಪಾದ ಮುಚ್ಚುವ ಹಾಗೆ ಇಳಿಸಿ ಉಟ್ಟುಕೊಂಡೆ.

ಮುದುಕರು ಪಡಸಾಲೆಯಲ್ಲಿ ಸಾಲಾಗಿ ಕೂತರು. ಅಪ್ಪ ಕಂಬದ ಹತ್ತಿರ ನಿಂತಿದ್ದ, ಅವನಿಗೆ ಯಾರೂ ಕೂಡ್ರು ಎನ್ನಲಿಲ್ಲ. ನಾನು ಬಾಗಿಲಲ್ಲಿ ಸೆರಗು ಎಳೆದು ನಿಂತೆ. ಹೋಳಿಗೆಯ ಮೇಲೆ ತುಪ್ಪ ಬಿತ್ತು.

"ಏನೋ, ಸೊಸಿ ನಿಂತಾಳೋ, ಗೂಟಕ್ಕ ಸಿಗಿಸೀರೋ?" ಎಂದ ಎಲ್ಲರಿಗಿಂತ ಹಿರಿಯ.

"ಬಿದ್ದಾಗ ನೋಡ್ರಿ, ಗೂಟ ಐತೋ ಇಲ್ಲೋ ತಿಳೀತೈತಿ," ಎಂದಳು ಅತ್ತೆ.

ಎಲ್ಲರೂ ನಕ್ಕರು. ಗಂಡನೂ ನಕ್ಕ. ಇನ್ನೊಬ್ಬ ಮುದುಕ, "ನಂದು ಹಲ್ಲಿಲ್ಲದ ಬಾಯಿ ನೋಡವ್ವಾ, ಸಾವಕಾಶ ಉಣ್ತೇನಿ, ಸಿಟ್ಟ ಮಾಡಬ್ಯಾಡ" ಎಂದು ಹೋಳಿಗೆಯನ್ನು ಹಾಲಿನಲ್ಲಿ ನೆನೆಹಾಕಿ ಕೂತ.

ನಾನು ತುಳಿಯತೊಡಗಿದೆ. ಹಿಮ್ಮಡ ಎತ್ತಲಿಲ್ಲ, ಎತ್ತಿದರೆ ಮೈ ಅಲುಗುತ್ತದೆ. ಬಲಗಾಲಿನ ಬೆರಳು ನೆಲಕ್ಕೆ ಒತ್ತಿ ಮೀನಖಂಡ ಬಿಗಿ ಮಾಡುವುದು, ಬಿಡುವುದು. ಆಮೇಲೆ ಎಡಗಾಲು. ಮನಸ್ಸಿನಲ್ಲಿ ಲಾಳಿ ಆಚೆ ಹೋಯಿತು, ಈಚೆ ಬಂತು. ಕಿವಿಯಲ್ಲಿ ಗುಂಯ್ ಎನ್ನಲು ಶುರುವಾದಾಗ ತೊಡೆಯನ್ನೂ ಬಿಗಿ ಹಿಡಿದು ಜೋರಾಗಿ ತುಳಿದೆ. ಗುಂಯ್ ದೂರ ಸರಿಯಿತು. ಒಳಗೆ ಕೂಸು ಅತ್ತಿತು. ಹಾಲು ಇಳಿದು ಕುಪ್ಪಸ ತೊಯ್ದಿತು. ಹೋಗಲಿಲ್ಲ. ಅತ್ತು ಅತ್ತು ಸುಮ್ಮನಾಯಿತು. ನಾನು ನಿಂತಲ್ಲೇ ಒಂದು ಇಡೀ ಸೀರೆ ನೇಯ್ದೆ, ಅಂಚು ಸೆರಗು ಎಲ್ಲ ಕೂಡಿ. ಯಾರ ಕಣ್ಣಿಗೂ ಬೀಳದ ಸೀರೆ ಅದು.

ಎಲೆಅಡಿಕೆ ಆಯಿತು. ಹಿರಿಯ ಎದ್ದ. "ರೋಗಿಲ್ಲ ಗೀಗಿಲ್ಲ. ಹುಡುಗಿ ಗಟ್ಟಿ ಅದಾಳ. ಇರ್ಲಿ ಮನ್ಯಾಗ."

ಅತ್ತೆ ಅಂದಳು, "ಹಂಗಾದ್ರ ಇಷ್ಟ ದಿನ ಸೋಗ ಹಾಕಿದ್ಲು ಅಂತಾತಲ್ರಿ."

"ಅದು ನಿಮ್ಮ ಮನಿ ಮಾತು. ನೀವs ನೋಡ್ಕೊಳ್ರಿ," ಎಂದು ಕೆರ ಮೆಟ್ಟಿಕೊಂಡು ಹೋದ. ಅಪ್ಪನೂ ಚಕ್ಕಡಿ ಹತ್ತಿದ. ಅವನಿಗೆ ಊಟಕ್ಕೆ ಹೇಳಿರಲಿಲ್ಲ.

ಅವರು ಓಣಿ ದಾಟುವ ತನಕ ಅತ್ತೆ ಕಾದಳು. ಆಮೇಲೆ ಒಲೆಯ ಕಟ್ಟಿಗೆ ತಂದು ಮೊಣಕಾಲ ಹಿಂದೆ, ಮೀನಖಂಡದ ಮೇಲೆ ಹೊಡೆದಳು. "ನಿಲ್ಲಾಕ ಬರ್ತೈತಿ ನಿನಗ! ಬರ್ತೈತಿ! ಮನಿ ಮಂದೀನ್ನೆಲ್ಲಾ ಕೋತಿ ಆಡಿಸಿದಂಗ ಆಡಿಸಿದೆಲ್ಲ, ಹಡಬಿಟ್ಟಿ!" ನಾನು ಅಳಲಿಲ್ಲ. ಹೊಡೆಯಲಿ. ಕೂಸು ನನ್ನದಾಗಿ ಉಳಿಯಿತು. ಹೊಡೆತ ತಿನ್ನುತ್ತಲೇ ಒಳಗೊಳಗೆ ನಗು ಬರುತ್ತಿತ್ತು.

ಆ ನಗು ಮರುದಿನದ ತನಕ ಬಾಳಿತು. ನನ್ನ ಗಂಡ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾನು ಎಚ್ಚರದಿಂದ ಇರುತ್ತಿದ್ದೆ. ಅವನು ಹಗುರ ಬಾಯಿಯವನು. ಮುಂಜಾನೆ ರೊಟ್ಟಿ ತಿನ್ನುತ್ತ ಅವ್ವನ ಮುಂದೆ ನಗಾಡುತ್ತ ಹೇಳಿದ: "ಅವ್ವಾ, ನಿನ್ನೆ ಈಕಿ ಸೀರಿ ಅಂಚ ನೋಡಿದೇನ? ಥರಥರ ಅಲಗಾಕತ್ತಿತ್ತು. ನಿಂತಲ್ಲೇ ಮಗ್ಗ ತುಳ್ಯಾಕತ್ತಿದ್ಲು! ದೈವದ ಮಂದೀಗೆ ಟೊಪ್ಪಿಗಿ ಹಾಕಿದ್ಲು ನೋಡು ನನ್ನ ಹೇಂತಿ." ಹೆಂಡತಿಯ ಜಾಣತನ ಹೊಗಳಿದೆ ಎಂದುಕೊಂಡಿದ್ದ.

ಮಧ್ಯಾಹ್ನ ಮಾವ ಊಟಕ್ಕೆ ಕೂತಾಗ ನಾನು ಕುಣಿಯಿಂದ ಎದ್ದು ಬಂದೆ. ಬಾಗಿಲಲ್ಲಿ ಹಿತ್ತಾಳೆಯ ದೊಡ್ಡ ಪರಾತ ಇತ್ತು, ಹಿಟ್ಟು ನಾದುವ ಪರಾತ. ಅದರಲ್ಲಿ ನೀರು.

"ಇದರಾಗ ನಿಲ್ಲು," ಅಂದಳು ಅತ್ತೆ. "ಸೀರಿ ಎತ್ತಿ ನಿಲ್ಲು. ನೀರ ಅಲಗಬಾರ್ದು."

ಮಾವ ತುತ್ತು ಎತ್ತಿದವನು ನೋಡಿದ, ಮತ್ತೆ ತಾಟಿಗೆ ಮುಖ ಹಾಕಿದ. ಗಂಡ, "ಬಿಡವ್ವಾ" ಎಂದ. ಎಂದು ಮಗ್ಗಕ್ಕೆ ಹೋಗಿ ಕೂತ.

ನಿಂತೆ. ತಣ್ಣೀರಿನಲ್ಲಿ ನನ್ನ ಪಾದ ಕಾಣುತ್ತಿದ್ದವು, ಮೊಣಕಾಲ ಕೆಳಗೆ ನಿನ್ನೆಯ ಬಾಸುಂಡೆ ಕಾಣುತ್ತಿದ್ದವು. ಬೆರಳು ಒತ್ತಿದರೆ ನೀರಿನ ಮೇಲೆ ಗೆರೆ ಏಳುತ್ತಿತ್ತು. ಅತ್ತೆ ಕುಕ್ಕರುಗಾಲಲ್ಲಿ ಕೂತು, ಹಾಲು ಉಕ್ಕುವುದನ್ನು ಕಾಯುವ ಹಾಗೆ ನೀರು ನೋಡುತ್ತಿದ್ದಳು. "ಹಾಂ! ಅಲಗಿತು," ಎನ್ನುವಳು. ನಿಲ್ಲಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಗಂಡನ ಮಗ್ಗದ ಸದ್ದು ಬರುತ್ತಿತ್ತು. ಅವನ ಕಾಲು ತುಳಿಯುತ್ತಿದ್ದವು, ನನ್ನವು ಕಂಬವಾಗಿದ್ದವು. ದುಂಬಿ ಬಂತು. ಬೆವರು ಬಂತು. ಮಾವನ ತಾಟು ದೂರ ಹೋಯಿತು.

ಪರಾತದ ಅಂಚಿಗೆ ಬಾಯಿ ಬಡಿದು ಮುಂದಿನ ಹಲ್ಲು ಮುರಿಯಿತು. ಎತ್ತಿ ನಿಲ್ಲಿಸಿದರಂತೆ, ಸೆಟೆದೆನಂತೆ. ಎಚ್ಚರಾದಾಗ ಓಣಿಯ ಹೆಂಗಸರು ತುಂಬಿದ್ದರು, ಅತ್ತೆ ಎಲ್ಲರಿಗೂ ನನ್ನ ರಕ್ತ ಬಿದ್ದ ನೀರು ತೋರಿಸುತ್ತಿದ್ದಳು. "ನೋಡ್ರವ್ವಾ, ರೋಗ ಅಲ್ಲ ಅಂದ್ರು ದೈವದ ಮಂದಿ." ನಿನ್ನೆ ಸೋಗು ಎಂದು ಹೊಡೆದ ಬಾಯಿ ಅದೇ.

ಬಿದ್ದರೆ ತವರಿಗೆ ಎಂದು ದೈವದವರೇ ಅಂದಿದ್ದರಲ್ಲ, ಸಂಜೆಗೆ ಚಕ್ಕಡಿ ಹೂಡಿದರು. ಕೂಸನ್ನು ಕೊಡಲಿಲ್ಲ. "ರೋಗದ ಹಾಲು ಕೂಸಿಗೆ ಬ್ಯಾಡ," ಅಂದಳು ಅತ್ತೆ. ಕೂಸು ಅವಳ ಟೊಂಕದ ಮೇಲೆ ಕೂತು, ಎತ್ತಿನ ಗಂಟೆ ನೋಡಿ ನಗುತ್ತಿತ್ತು.

ಮಹಾಲಿಂಗಪುರದಲ್ಲಿ ಅವ್ವ ಹಾಲು ಬತ್ತಲೆಂದು ನನ್ನ ಎದೆಗೆ ಬಟ್ಟೆ ಬಿಗಿದು ಕಟ್ಟಿದಳು. ನೋವಿಗೆ ಜ್ವರ ಬಂತು. ಅಪ್ಪ ನನ್ನೊಡನೆ ಮಾತು ಬಿಟ್ಟ. ಕೃಷ್ಣೆಗೆ ಯಾಕೆ ಬೀಳಲಿಲ್ಲ ಎಂದು ಅವನು ಕೇಳಲಿಲ್ಲ, ಅಷ್ಟು ಉಪಕಾರ ಮಾಡಿದ. ತಂಗಿಯರು ನನ್ನ ಹತ್ತಿರ ಮಲಗಲು ಹೆದರುತ್ತಿದ್ದರು.

ಬನಹಟ್ಟಿಯಲ್ಲಿ ಆದದ್ದು ಆಮೇಲೆ ತಿಳಿಯಿತು. ಅವಸರದಲ್ಲಿ ನನ್ನನ್ನು ಅಟ್ಟಿದ ಮಂದಿ ಒಂದು ಮರೆತಿದ್ದರು. ನನ್ನ ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ರಬಕವಿಯ ವ್ಯಾಪಾರಿ ಒಬ್ಬ ಮದುವೆಗೆಂದು ಒಂದೇ ಹಾಸಿನ ಮೇಲೆ ಸಾಲಾಗಿ ಸೀರೆ ಹೇಳಿದ್ದ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೂ ಬಿಗಿದ ನೂಲು. ಅದು ಇರುವ ತನಕ ಒಂದಾದ ಮೇಲೊಂದು ಸೀರೆ ಬರುತ್ತದೆ. ಗಂಡ ನನ್ನ ಕುಣಿಗೆ ಇಳಿದು ಉಳಿದ ಅರ್ಧ ನೇಯ್ದ. ಮಾವ ಒಯ್ದು ತೋರಿಸಿದಾಗ ವ್ಯಾಪಾರಿ ಸೀರೆಯನ್ನು ಬೆಳಕಿಗೆ ಹಿಡಿದು, ಉಗುರು ಎಳೆದು, "ಇಲ್ಲೀತನಕ ಒಬ್ಬರ ಕಾಲು, ಇಲ್ಲಿಂದ ಇನ್ನೊಬ್ಬರ ಕಾಲು. ಇದೇನ ಸೀರಿನೋ ಎರಡು ಊರ ನಡುವಿನ ಗಡಿನೋ?" ಎಂದು ಮುಖದ ಮೇಲೆ ಎಸೆದ. ನೇಕಾರನಿಗೆ ಅದಕ್ಕಿಂತ ದೊಡ್ಡ ಹೊಡೆತ ಇಲ್ಲ. ಒಬ್ಬೊಬ್ಬರ ತುಳಿತ, ಒಬ್ಬೊಬ್ಬರ ಬಡಿತ ಬೇರೆ. ಬಟ್ಟೆ ಅದನ್ನು ಮುಚ್ಚಿಡುವುದಿಲ್ಲ.

ಮಾವ ತಾನೇ ಚಕ್ಕಡಿ ಹೂಡಿಕೊಂಡು ಮಹಾಲಿಂಗಪುರಕ್ಕೆ ಬಂದ. ಅಪ್ಪನೆದುರು ಕೂತು, ಬಾಗಿಲ ಹಿಂದಿದ್ದ ನನಗೆ ಕೇಳುವ ಹಾಗೆ ಅಂದ: "ಹಾಸು ಮುಗಿಯೂತನಕ ಬಂದಿರ್ಲಿ. ಮುಗಿದ ಮ್ಯಾಲ ನಾನs ಕರಕೊಂಡು ಬಂದು ಬಿಡ್ತೇನಿ."

ನಾನು ಮಾವನೊಡನೆ ಒಂದು ದಿನವೂ ಮಾತಾಡಿದವಳಲ್ಲ. ಅವತ್ತು ಬಾಗಿಲ ಹಿಂದಿನಿಂದ ಅಂದೆ: "ಕುಂತು ನೇಯ್ತೇನ್ರಿ. ಆದ್ರ ಕುಣಿಯಿಂದ ಎದ್ದು ಯಾರ ಮುಂದೂ ನಿಲ್ಲಾಕಿ ಅಲ್ಲ."

ಅಪ್ಪ ಹಲ್ಲು ಕಡಿದ. ಮಾವ ನೆಲ ನೋಡುತ್ತ, "ನಿಲ್ಲಬ್ಯಾಡವ್ವಾ," ಅಂದ. "ಯಾರು ನಿಲ್ಲು ಅಂದಾರ?"

ಯಾರು ಅಂದಿದ್ದರೋ ಅವಳು, ನಾನು ಬನಹಟ್ಟಿಯಲ್ಲಿ ಚಕ್ಕಡಿ ಇಳಿದಾಗ, ಬಾಗಿಲಲ್ಲೇ ಇದ್ದಳು, ಟೊಂಕದ ಮೇಲೆ ಕೂಸು. ನಾನು ಕೈ ಚಾಚಿದೆ. ಕೂಸು ನನ್ನ ಮುರಿದ ಹಲ್ಲು ನೋಡಿ ಚೀರಿ ಅವಳ ಕೊರಳಿಗೆ ಬಿದ್ದಿತು.

"ನೋಡಿದೇನ? ಗುರ್ತs ಇಲ್ಲ," ಅಂದಳು ಅತ್ತೆ. ಮಮತೆಯಿಂದಲೇ ಅಂದಳು, ಕೂಸಿನ ಬೆನ್ನು ಸವರುತ್ತ. ಎದೆಯಲ್ಲಿ ಹಾಲೂ ಇರಲಿಲ್ಲ, ಏನು ಕೊಟ್ಟು ಕರೆಯಲಿ? ಆ ಕೂಸು ನನ್ನ ಹಿರಿಯ ಮಗ. ಈಗ ಅವನೂ ಮುದುಕನಾಗುತ್ತ ಬಂದಿದ್ದಾನೆ. ಸತ್ತ ಅವನ ಆಯಿಯ ನೆನಪು ತೆಗೆದರೆ ಕಣ್ಣೀರು ತರುತ್ತಾನೆ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾನೆ, ಅಷ್ಟೇ.

ನಾನು ಕುಣಿಗೆ ಇಳಿದೆ. ಎದುರಿನ ಹಾಸು ದಿನದಿನಕ್ಕೆ ಗಿಡ್ಡವಾಗುತ್ತಿತ್ತು. ಅತ್ತೆ ಬಂದು ಬಂದು ಅಳೆದು ನೋಡಿ ಹೋಗುವಳು. ಅವಳ ಅಣ್ಣನ ಮನೆಯಿಂದ ಮದುವೆಯ ಅಕ್ಕಿ ಕಾಳು ಯಾವಾಗ ಹಾಕೋಣ ಎಂದು ಕೇಳಿಕಳಿಸುತ್ತಿದ್ದರು. ನನಗೆ ಕೊನೆಯ ಸೀರೆ ತಡಮಾಡಿ ನೇಯಲು ಬರುತ್ತಿತ್ತು. ಮಾಡಲಿಲ್ಲ. ಜೀವದಲ್ಲಿ ನೇಯದಷ್ಟು ಚೆಂದ ನೇಯ್ದೆ. ಮಾವ ರಬಕವಿಗೆ ಒಯ್ದವನು ತಿರುಗಿ ಬರುವಾಗ ತಲೆಯ ಮೇಲೆ ನೂಲಿನ ಗಂಟು ಹೊತ್ತು ತಂದ.

ಮರುದಿನ ಅವನು ನನ್ನ ಮಗ್ಗದ ಮುಂದೆ ಕೂತು, ಮುಗಿಯುತ್ತ ಬಂದ ಹಾಸಿನ ತುದಿಯನ್ನು ಬಿಚ್ಚದೆ, ಒಂದೊಂದೇ ಎಳೆಗೆ ಹೊಸ ಎಳೆ ಕೂಡಿಸಿ ಹೊಸೆಯತೊಡಗಿದ. ನಮ್ಮವರು ಹಾಗೇ ಮಾಡುವುದು, ಹಳೆಯದರ ಬೆನ್ನಿಗೇ ಹೊಸದು.

ಅತ್ತೆ ಬಂದು ಸೊಂಟದ ಮೇಲೆ ಕೈ ಇಟ್ಟಳು. "ಅಲ್ರೀ, ಹಾಸು ಮುಗಿಯೂತನಕ ಅಂದಿದ್ರೆಲ್ಲ?"

ಮಾವ ತಲೆ ಎತ್ತಲಿಲ್ಲ. "ಮುಗಿದಿಲ್ಲಲ್ಲ," ಅಂದ.

ಆ ಹಾಸು ಮುಗಿಯಲೇ ಇಲ್ಲ. ರಾಜರು ಹೋದರು, ಸಂಸ್ಥಾನ ಹೋಯಿತು. ಓಣಿಯ ಮಂದಿಯೆಲ್ಲ ಬಾವುಟಕ್ಕೆ ನಿಲ್ಲಲು ಓಡಿದ ದಿನವೂ ನಾನು ಕುಣಿಯಲ್ಲಿ ಕೂತು ತುಳಿಯುತ್ತಿದ್ದೆ. ಅಣ್ಣನ ಮಗಳನ್ನು ಬೇರೆ ಊರಿಗೆ ಕೊಟ್ಟರು. ನನ್ನ ಮೇಲೆ ಪ್ರೀತಿ ಹುಟ್ಟಿ ಅಲ್ಲ, ಯಾರೂ ಹಾಗೆ ತಿಳಿಯಬೇಡಿ. ನನ್ನ ಕಾಲನ್ನು ಇಟ್ಟುಕೊಂಡರು. ಕಾಲಿಗೆ ಅಂಟಿಕೊಂಡು ನಾನು ಉಳಿದೆ.

ನಾನು ತಿರುಗಿ ಬಂದ ದಿನದ ಊಟ ಹೇಳಿ ಮುಗಿಸುತ್ತೇನೆ, ಅದನ್ನು ನೆನೆಸಿದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಮಧ್ಯಾಹ್ನ ಮಾವನ ಊಟ ಆಯಿತು. ನಾನು ಏಳಲಿಲ್ಲ. ಅತ್ತೆ ಒಳಗಿನಿಂದ ಕೂಗಿದಳು, "ಏಳs, ಬಂದು ಉಣ್ಣು."

"ಎದ್ರ ಬೀಳ್ತೇನ್ರಿ ಅತ್ತಿ," ಅಂದೆ. "ಬಿದ್ರ ಸೀರಿ ನಿಲ್ತೈತ್ರಿ."

ಮಾವ ಕೆಮ್ಮಿದ. ಸ್ವಲ್ಪ ಹೊತ್ತಿಗೆ ಅತ್ತೆ ತಾಟು ಹಿಡಿದು ಬಂದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಹಸಿಮೆಣಸಿನಕಾಯಿ ಹಿಂಡಿ. ನೂಲಿಗೆ ಎಣ್ಣೆ ತಾಗಬಾರದು, ತಾಟನ್ನು ಮಗ್ಗದ ಮೇಲೆ ಇಡುವಂತಿಲ್ಲ. ಕುಣಿಯ ದಂಡೆಯಲ್ಲೂ ಜಾಗ ಇರಲಿಲ್ಲ. ನಾನು ಉಂಡು ಮುಗಿಸುವ ತನಕ ಅವಳು ಹಿಡಿದುಕೊಂಡೇ ನಿಲ್ಲಬೇಕಾಯಿತು. ವಯಸ್ಸಾದ ಕಾಲು, ಬಾತ ಕಾಲು ಅವಳವು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಆ ಓಣಿಯಲ್ಲಿ ಅತ್ತೆಯನ್ನು ನಿಲ್ಲಿಸಿ ಕೂತು ಉಂಡ ಸೊಸೆ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಕುಣಿಯೊಳಗೆ ನನ್ನ ಕಾಲು ಮೆಲ್ಲಗೆ ತುಳಿಯುತ್ತಿದ್ದವು. ಮುಂದಿನ ಹಲ್ಲು ಇರಲಿಲ್ಲ. ರೊಟ್ಟಿಯನ್ನು ಚೂರು ಚೂರು ಮಾಡಿ, ದವಡೆಗೆ ಹಾಕಿ, ಅಗಿದು ಅಗಿದು ಉಂಡೆ. ಕೆಳಗಿನಿಂದ ಅವಳ ಮುಖ ನೋಡಿದೆ. ತುಟಿ ಬೆಳ್ಳಗಾಗುತ್ತಿತ್ತು.

"ಇನ್ನೊಂದು ರೊಟ್ಟಿ ತರ್ರಿ, ಅತ್ತಿ," ಅಂದೆ.